ಅಕ್ಕಡಿ ಸಾಲು ಮತ್ತು ಅಡುಗೆಮನೆ: ಹಿರಿಯೂರು–ಹೊಸದುರ್ಗ ಸೀಮೆಯಲ್ಲಿ ಬೆಲೆಯೇರಿಕೆಯ ನಿಭಾವಣೆ

2023ರ ಜುಲೈನಲ್ಲಿ ಟೊಮೆಟೊ ಕೆ.ಜಿ.ಗೆ ನೂರು ರೂಪಾಯಿ ದಾಟಿತು. ದೇಶದ ಚಿಲ್ಲರೆ ಆಹಾರ ಹಣದುಬ್ಬರ ಆ ತಿಂಗಳು ಶೇ 11.51ಕ್ಕೆ ಏರಿತು. ಅದೇ ವರ್ಷ ಮುಂಗಾರು ಕೈಕೊಟ್ಟು, ರಾಜ್ಯದ 223 ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾದವು. ಚಿತ್ರದುರ್ಗ ಜಿಲ್ಲೆಯ ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯಂಥ ಮಳೆಯಾಶ್ರಿತ ಊರುಗಳಿಗೆ ಇವೆರಡು ಬೇರೆಬೇರೆ ಸುದ್ದಿಗಳಲ್ಲ. ಹೊಲ ಕೊಡದ್ದನ್ನು ಸಂತೆಯಲ್ಲಿ ಕೊಳ್ಳಬೇಕು, ಸಂತೆಯಲ್ಲಿ ಬೆಲೆ ಕೈಗೆಟುಕುವುದಿಲ್ಲ.

ಖರ್ಚು ಕಡಿಮೆ ಮಾಡುವ ಉಪಾಯಗಳನ್ನು ಒಲೆಯ ಬಳಿ ಹುಡುಕುವುದು ವಾಡಿಕೆ. ಈ ಸೀಮೆಯ ಮಟ್ಟಿಗೆ ಹೊಲದಿಂದಲೇ ಹೊರಡಬೇಕಾಗುತ್ತದೆ. ರಾಗಿ ಬಿತ್ತುವಾಗ ಕೂರಿಗೆಯ ಹಿಂದೆ ಸಡ್ಡೆ ಕಟ್ಟಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ, ಹರಳುಗಳನ್ನು ಅಕ್ಕಡಿ ಸಾಲಾಗಿ ಬಿಡುವುದು ಇಲ್ಲಿನ ಹಳೆಯ ಪದ್ಧತಿ. ಒಂದೇ ಹೊಲದಿಂದ ಮುದ್ದೆಗೆ ಹಿಟ್ಟು, ಸಾರಿಗೆ ಕಾಳು, ಚಟ್ನಿಪುಡಿಗೆ ಹುಚ್ಚೆಳ್ಳು, ಒಗ್ಗರಣೆಗೆ ಸಾಸಿವೆ ಬರುತ್ತಿದ್ದವು. ಮಳೆ ಒಂದು ಬೆಳೆಗೆ ತಪ್ಪಿದರೆ ಇನ್ನೊಂದಕ್ಕೆ ಸಿಗುತ್ತಿತ್ತು. ಬೆಲೆಯೇರಿಕೆಯನ್ನು ತಡೆದುಕೊಳ್ಳುವ ಶಕ್ತಿ ಈ ಸಾಲುಗಳಲ್ಲಿತ್ತು ಎಂಬುದು ಈ ಲೇಖನದ ವಾದ.

ಬಸ್ಸಾರನ್ನೇ ನೋಡಬಹುದು. ಕಾಳು, ಸೊಪ್ಪು ಎರಡನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿ ನೀರು ಬಸಿಯುತ್ತಾರೆ. ಬಸಿದ ಕಟ್ಟಿಗೆ ಖಾರ ಕೂಡಿಸಿದರೆ ಸಾರು, ಉಳಿದದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದು ಬೇಯಿಕೆಗೆ ಎರಡು ಅಡುಗೆ. ಉರುವಲೂ ಉಳಿಯಿತು, ಕಾಳಿನ ಸಾರವೂ ಚೆಲ್ಲಿಹೋಗಲಿಲ್ಲ. ಸೊಪ್ಪಿಗಂತೂ ಅಂಗಡಿಗೆ ಹೋಗಬೇಕಿರಲಿಲ್ಲ. ಮಳೆಗಾಲದ ಹೊಲದ ಬದುವಿನಲ್ಲಿ ಅಣ್ಣೆಸೊಪ್ಪು, ಗೋಣಿಸೊಪ್ಪು, ಕಿರಕಸಾಲೆ ತಾವಾಗಿಯೇ ಏಳುತ್ತವೆ. ಕಳೆ ಕೀಳುವ ಹೆಂಗಸರ ಮಡಿಲಲ್ಲೇ ರಾತ್ರಿಯ ಬೆರಕೆಸೊಪ್ಪಿನ ಸಾರು ಮನೆಗೆ ಬರುತ್ತಿತ್ತು.

ಇಂಥ ಅಡುಗೆಯಲ್ಲಿ ಪದಾರ್ಥಗಳನ್ನು ಅದಲುಬದಲು ಮಾಡುವುದು ಸುಲಭ. ಟೊಮೆಟೊ ತುಟ್ಟಿಯಾದರೆ ಹುಣಸೆಹಣ್ಣು ಇದೆ; ಬೇಸಿಗೆಯ ಮೊದಲಲ್ಲಿ ಬಡಿದು, ಬೀಜ ಬಿಡಿಸಿ, ಉಪ್ಪು ಬೆರೆಸಿ ಗಡಿಗೆಗೆ ತುಂಬಿಟ್ಟರೆ ವರ್ಷ ಪೂರ್ತಿ ಆದೀತು. ತೊಗರಿಬೇಳೆ ಏರಿದರೆ ಹುರುಳಿ. ಪ್ರೋಟೀನಿನ ಲೆಕ್ಕದಲ್ಲಿ ಅದು ತೊಗರಿಗಿಂತ ಹಿಂದೆ ಬಿದ್ದಿಲ್ಲ, ಬಡ ನೆಲದಲ್ಲೂ ಬೆಳೆಯುತ್ತದೆ. 2025ರಲ್ಲಿ ತೆಂಗಿನಕಾಯಿ ಬೆಲೆ ಗಗನಕ್ಕೇರಿದಾಗ, ಸಾರು ಮಂದವಾಗಿಸಲು ಹುರಿಗಡಲೆ, ಹುರಿದ ಕಡಲೆಕಾಯಿ ಬೀಜ ಅಥವಾ ಬೆಂದ ಕಾಳನ್ನೇ ರುಬ್ಬಿ ಹಾಕುವ ದಾರಿ ಇತ್ತು. ತೆಂಗು ಬೆಳೆಯುವ ಹಿರಿಯೂರು, ಹೊಸದುರ್ಗಗಳಲ್ಲೇ ಕಾಯಿಯನ್ನು ಮಾರಿ, ಮನೆಯ ಸಾರಿಗೆ ಹುರಿಗಡಲೆ ತರುವುದು ಲೆಕ್ಕಕ್ಕೆ ಒಪ್ಪುವ ಮಾತು.

ಆದರೆ ಅಕ್ಕಡಿ ಸಾಲು ಕ್ಷೀಣಿಸಿದೆ. ಕೊಳವೆಬಾವಿ ಬಂದ ಮೇಲೆ ಅಡಿಕೆ, ದಾಳಿಂಬೆ ಬಂದವು. ಖುಷ್ಕಿಯಲ್ಲಿ ಮೆಕ್ಕೆಜೋಳ ಹಬ್ಬಿತು. ಏಕಬೆಳೆಗೆ ಸಿಂಪಡಿಸುವ ಕಳೆನಾಶಕ ಬೆರಕೆಸೊಪ್ಪನ್ನೂ ಸುಡುತ್ತದೆ. ಹೀಗೆ ಬೆಳೆಗಾರನ ಮನೆ ಕಾಳಿಗೂ ಸೊಪ್ಪಿಗೂ ಗಿರಾಕಿಯಾಯಿತು. ಈರುಳ್ಳಿಯಲ್ಲಿ ಈ ಇಬ್ಬಂದಿ ಇನ್ನೂ ಸ್ಪಷ್ಟ. ರಾಜ್ಯದ ಮುಖ್ಯ ಈರುಳ್ಳಿ ಜಿಲ್ಲೆಗಳಲ್ಲಿ ಚಿತ್ರದುರ್ಗವೂ ಒಂದು. 2023ರ ಡಿಸೆಂಬರ್ 8ರಂದು ಕೇಂದ್ರ ರಫ್ತು ನಿಷೇಧಿಸಿದ್ದು ಪಟ್ಟಣದ ಗ್ರಾಹಕನಿಗೆ ನೆಮ್ಮದಿ, ಬೆಳೆದವನಿಗೆ ಪೆಟ್ಟು.

ರಾಷ್ಟ್ರೀಯ ಕುಟುಂಬ ವೆಚ್ಚ ಸಮೀಕ್ಷೆಯ ಅಂಕಿಗಳು ಬೆಳೆಗಾರನೇ ಗಿರಾಕಿಯಾದ ಈ ಬದಲಾವಣೆಯ ಇನ್ನೊಂದು ಮುಖವನ್ನು ತೋರಿಸುತ್ತವೆ. 1999–2000ರಲ್ಲಿ ಗ್ರಾಮೀಣ ಭಾರತದ ಮನೆಖರ್ಚಿನಲ್ಲಿ ಏಕದಳ ಧಾನ್ಯದ ಪಾಲು ಶೇ 22ರಷ್ಟಿತ್ತು. 2022–23ಕ್ಕೆ ಅದು ಶೇ 5ಕ್ಕಿಂತ ಕೆಳಗಿಳಿಯಿತು. ಪಾನೀಯ ಹಾಗೂ ಸಿದ್ಧ ಆಹಾರದ ಪಾಲು ಶೇ 9 ದಾಟಿತು. 2013ರಲ್ಲಿ ಆರಂಭವಾದ ಅನ್ನಭಾಗ್ಯ ಹೊಟ್ಟೆ ತುಂಬಿಸಿದೆ, ಅದರ ಮಹತ್ವವನ್ನು ಕಡೆಗಣಿಸಲಾಗದು. ಆದರೆ ಏರುವ ಬೆಲೆ ಅಕ್ಕಿಯಲ್ಲಿರುವುದಕ್ಕಿಂತ ಬೇಳೆ, ಎಣ್ಣೆ, ತರಕಾರಿ, ಹಾಲಿನಲ್ಲಿ ಹೆಚ್ಚು.

ಸಾವೆಯ ಕಥೆಯನ್ನು ಇಲ್ಲಿ ಬಿಡುವಂತಿಲ್ಲ. ಹೊಸದುರ್ಗ ತಾಲ್ಲೂಕು ಸಾವೆ ಮೊದಲಾದ ಕಿರುಧಾನ್ಯಗಳಿಗೆ ಹೆಸರಾದದ್ದು. ಒಂದು ಕಾಲಕ್ಕೆ ಬಡವರ ಅನ್ನವೆಂದರೆ ಸಾವೆ, ನವಣೆ. ಅದನ್ನು ಕುಟ್ಟಿ, ಕೇರಿ, ಹೊಟ್ಟು ತೆಗೆಯುವ ದುಡಿಮೆಯೆಲ್ಲ ಹೆಂಗಸರದು. ಬಿಳಿ ಅಕ್ಕಿ ಅಗ್ಗವಾಗಿ ಸಿಕ್ಕಾಗ ಅವರು ಒನಕೆ ಕೆಳಗಿಟ್ಟದ್ದು ನ್ಯಾಯವೇ ಆಗಿತ್ತು. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಯಿತು, ರಾಜ್ಯದ ‘ರೈತ ಸಿರಿ’ ಯೋಜನೆ ಬೆಳೆಗಾರರಿಗೆ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ಕೊಟ್ಟಿತು. ಈಗ ಸಾವೆಯಕ್ಕಿ ಬೆಂಗಳೂರಿನ ಅಂಗಡಿಗಳಲ್ಲಿ ಸಾಮಾನ್ಯ ಅಕ್ಕಿಗಿಂತ ದುಬಾರಿ. ಬೆಳೆದ ಊರಿನ ತಟ್ಟೆಗೆ ಅದು ಮರಳಬೇಕಾದರೆ ಊರಿಗೆ ಹತ್ತಿರದಲ್ಲೇ ಹೊಟ್ಟು ತೆಗೆಯುವ ಸಣ್ಣ ಗಿರಣಿ ಬೇಕು. ಬೆಂಬಲಬೆಲೆಯಷ್ಟೇ ಮುಖ್ಯವಾದ ಈ ಬೇಡಿಕೆ ಚರ್ಚೆಗೆ ಬರುವುದು ಅಪರೂಪ.

ಎಣ್ಣೆಯಲ್ಲಿ ಅದಲುಬದಲಿಗೆ ಅವಕಾಶ ಕಡಿಮೆ. ಪಕ್ಕದ ಚಳ್ಳಕೆರೆ ಕಡಲೆಕಾಯಿ ಎಣ್ಣೆ ಗಿರಣಿಗಳ ಪಟ್ಟಣ. ಆದರೂ ಸುತ್ತಲಿನ ಮನೆಗಳಿಗೆ ಪ್ಯಾಕೆಟ್ಟಿನ ತಾಳೆ, ಸೂರ್ಯಕಾಂತಿ ಎಣ್ಣೆ ನುಗ್ಗಿದೆ. ದೇಶ ತನ್ನ ಅಡುಗೆ ಎಣ್ಣೆಯ ಅರ್ಧಕ್ಕಿಂತ ಹೆಚ್ಚನ್ನು ಆಮದು ಮಾಡಿಕೊಳ್ಳುವುದರಿಂದ, 2022ರ ಉಕ್ರೇನ್ ಯುದ್ಧವೂ ಇಂಡೊನೇಷ್ಯಾದ ತಾಳೆಎಣ್ಣೆ ರಫ್ತು ನಿಷೇಧವೂ ಇಲ್ಲಿನ ಒಗ್ಗರಣೆ ಸೌಟಿನವರೆಗೆ ಬಂದವು. 2024ರ ಸೆಪ್ಟೆಂಬರಿನಲ್ಲಿ ಕಚ್ಚಾ ಅಡುಗೆ ಎಣ್ಣೆಗಳ ಮೇಲಿನ ಒಟ್ಟು ಆಮದು ಸುಂಕ ಶೇ 5.5ರಿಂದ 27.5ಕ್ಕೆ ಏರಿತು. ಆಗ ಉಳಿದ ದಾರಿ ಕರಿಯುವುದನ್ನು ಬಿಟ್ಟು ಬೇಯಿಸುವುದು, ಉಪ್ಪೆಸರು, ಮಸೊಪ್ಪುಗಳತ್ತ ಹೊರಳುವುದು.

ಹಾಲಿಗೆ ಅಂಥ ಬದಲಿಯೂ ಇಲ್ಲ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಹೆಚ್ಚಾಯಿತು. ಹಸು ಸಾಕಿದವರಿಗೆ ಅದು ಬೇಕಾದ ಆದಾಯ, ಕೊಳ್ಳುವ ಕೂಲಿಯವರಿಗೆ ಹೊರೆ. ಹಾಲು, ಮೊಟ್ಟೆ, ಕಾಳು ಕಡಿಮೆಯಾದ ಮನೆಯಲ್ಲಿ ಮೊದಲು ಕೊರೆ ಬೀಳುವುದು ಎಲ್ಲರಿಗೂ ಬಡಿಸಿ ಕಡೆಗೆ ಉಣ್ಣುವ ಹೆಣ್ಣಿನ ತಟ್ಟೆಗೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಆದ್ದರಿಂದ ಮುಂದಿನ ಅಧ್ಯಯನಗಳು ಮನೆಯನ್ನು ಒಂದೇ ಘಟಕವಾಗಿ ಎಣಿಸದೆ, ಬೆಲೆ ಏರಿದ ತಿಂಗಳಲ್ಲಿ ಯಾರ ತಟ್ಟೆಯಿಂದ ಏನು ಇಲ್ಲವಾಯಿತು ಎಂಬುದನ್ನು ಬೇರೆಬೇರೆಯಾಗಿ ದಾಖಲಿಸಬೇಕು. ಹುರುಳಿ, ಅಲಸಂದೆಗಳನ್ನು ಸ್ಥಳೀಯವಾಗಿ ಖರೀದಿಸಿ ಅಂಗನವಾಡಿಗೂ ಪಡಿತರ ಅಂಗಡಿಗೂ ಕೊಟ್ಟರೆ ಆ ದಾಖಲೆ ಹೇಗೆ ಬದಲಾಗುತ್ತದೆ ಎಂಬುದನ್ನೂ ಅಳೆಯಬೇಕು.