ಕಾಲುವೆಯ ಒಡೆತನ

ನಮ್ಮ ನಾಡಿನ ಹಳೆಯ ಶಾಸನಗಳಲ್ಲಿ ಕಟ್ಟುಕೊಡಗೆ ಎಂಬ ಮಾತು ಮೇಲಿಂದ ಮೇಲೆ ಬರುತ್ತದೆ. ಊರಿಗೆ ಕೆರೆ ಕಟ್ಟಿಸಿದವನಿಗೋ, ಅದರ ಏರಿಯನ್ನು ಕಾಲಕಾಲಕ್ಕೆ ದುರಸ್ತು ಮಾಡಿಸುವ ಹೊಣೆ ಹೊತ್ತವನಿಗೋ ಕೆರೆಯ ಕೆಳಗೆ ಇಂತಿಷ್ಟು ಎಂದು ಬಿಟ್ಟುಕೊಟ್ಟ ಗದ್ದೆ ಅದು. ಗದ್ದೆಯ ಬೆಳೆ ಅವನದು; ಕೆರೆ ಮಾತ್ರ ಊರಿನದು. ಈ ಶಾಸನಗಳನ್ನು ವಿದ್ಯಾರ್ಥಿಗಳಿಗೆ ಪಾಠ ಹೇಳುವವನಾದ ನನಗೆ ಫ್ರಾನ್ಸಿನ ಕನಾಲ್ ಪ್ಲೂಸ್ ಎಂಬ ಟೆಲಿವಿಷನ್ ವಾಹಿನಿಯ ಚರಿತ್ರೆಯನ್ನು ಓದುವಾಗ ಕಟ್ಟುಕೊಡಗೆಯ ನೆನಪೇ ಆಗುತ್ತಿತ್ತು. ಫ್ರೆಂಚರ ನುಡಿಯಲ್ಲಿ ಕನಾಲ್ ಎಂದರೆ ಕಾಲುವೆ ಎಂಬ ಅರ್ಥವೂ ಉಂಟು. ನಾವೂ ವಾಹಿನಿ ಎಂದೇ ಕರೆಯುತ್ತೇವಲ್ಲವೆ? ಎರಡೂ ಕಡೆ ನೀರಿನ ಮಾತೇ.

ಈ ಕಾಲುವೆಯ ಹುಟ್ಟನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಫ್ರಾನ್ಸಿನಲ್ಲಿ ಬಹುಕಾಲ ಟೆಲಿವಿಷನ್ ಸರಕಾರದ ಸೊತ್ತು. 1982ರ ಜುಲೈ ತಿಂಗಳ ಕಾನೂನು ಆ ಏಕಸ್ವಾಮ್ಯವನ್ನು ಕೊನೆಗಾಣಿಸಿತಾದರೂ ದೇಶಕ್ಕೆ ಇದ್ದ ವಾಹಿನಿಗಳು ಮೂರೇ, ಮೂರೂ ಸರಕಾರದವೇ. ಅದೇ ವೇಳೆಗೆ ಒಂದು ಹಳೆಯ ಸವಲತ್ತು ಬರಿದಾಗುತ್ತಿತ್ತು. ಎರಡನೆಯ ಮಹಾಯುದ್ಧದ ತರುವಾಯ ಫ್ರೆಂಚರು 819 ಗೆರೆಗಳ ಕಪ್ಪುಬಿಳುಪಿನ ಚಿತ್ರಗಳನ್ನು ಬಿತ್ತರಿಸುವ ತಮ್ಮದೇ ಒಂದು ಪದ್ಧತಿಯನ್ನು ರೂಢಿಗೆ ತಂದಿದ್ದರು. ವರ್ಣಚಿತ್ರದ ಕಾಲ ಬಂದ ಮೇಲೆ ಅದಕ್ಕೆ ಕೆಲಸವಿಲ್ಲದಾಗಿ 1983ರಲ್ಲಿ ಅದರ ಪ್ರಸಾರವನ್ನು ನಿಲ್ಲಿಸಲಾಯಿತು. ಹೀಗೆ ತೆರವಾದ ತರಂಗಗಳೇ ಪಾಳುಬಿದ್ದ ಗದ್ದೆ. ಅದನ್ನು ಉಳಲು ಯಾರಿಗೆ ಕೊಡಬೇಕು?

ಅಂದಿನ ಅಧ್ಯಕ್ಷರು ಫ್ರಾಂಸ್ವಾ ಮಿತ್ತೆರಾಂ. ಅವರ ಆಪ್ತರಲ್ಲಿ ಒಬ್ಬರಾದ ಆಂದ್ರೆ ರೂಸ್ಲೆಯವರು ಅಧ್ಯಕ್ಷರ ಕಾರ್ಯಾಲಯದ ಮುಖ್ಯಸ್ಥರಾಗಿದ್ದು, 1982ರಲ್ಲಿ ಅವಾಸ್ ಎಂಬ ಜಾಹೀರಾತಿನ ದೊಡ್ಡ ಸಂಸ್ಥೆಯ ಯಜಮಾನಿಕೆಗೆ ಬಂದಿದ್ದರು. ಅವಾಸಿನಲ್ಲಿ ಆಗ ಸರಕಾರದ್ದೇ ಹೆಚ್ಚಿನ ಪಾಲು. 1983ರ ಡಿಸೆಂಬರಿನಲ್ಲಿ ನಾಲ್ಕನೆಯ ವಾಹಿನಿಯನ್ನು ನಡೆಸುವ ಹಕ್ಕು ಹನ್ನೆರಡು ವರ್ಷಗಳ ಮಟ್ಟಿಗೆ ಅವಾಸಿಗೆ ದೊರೆಯಿತು. ಅರಸನ ಕೈಯಿಂದ ಅರಸನ ಗೆಳೆಯನಿಗೆ ಉಂಬಳಿ ಎಂದು ಜನ ಆಡಿಕೊಂಡಿದ್ದರೆ ಅದು ತೀರ ಸುಳ್ಳಾಗುತ್ತಿರಲಿಲ್ಲ.

ಆದರೆ ಉಂಬಳಿ ಬರಿದೆ ಬಂದದ್ದಲ್ಲ, ಕಟ್ಟಳೆಗಳೊಡನೆ ಬಂತು. ದುಡ್ಡು ಕೊಟ್ಟವರಿಗಷ್ಟೇ ಚಿತ್ರ ಸ್ಪಷ್ಟವಾಗಿ ಕಾಣುವಂತೆ ಮಾಡಲು ವಾಹಿನಿಗೆ ಅನುಮತಿಯಿತ್ತು. ದಿನಕ್ಕೆ ಕೆಲವು ಗಂಟೆಗಳ ಕಾಲ ಎಲ್ಲರಿಗೂ ತೆರೆದಿಡಬಹುದಾಗಿತ್ತು. ಹೊಸ ಚಲನಚಿತ್ರಗಳನ್ನು ಬೇರೆ ವಾಹಿನಿಗಳಿಗಿಂತ ಮೊದಲೇ, ಚಿತ್ರಮಂದಿರಕ್ಕೆ ಬಂದ ಒಂದು ವರ್ಷಕ್ಕೆಲ್ಲ ತೋರಿಸುವ ಸೌಕರ್ಯವೂ ಉಂಟು. ಅದಕ್ಕೆ ಪ್ರತಿಯಾಗಿ ತನ್ನ ಆದಾಯದಲ್ಲಿ ಗೊತ್ತಾದ ಒಂದು ಭಾಗವನ್ನು ಅದು ಸಿನಿಮಾಕ್ಕೆ, ಅದರಲ್ಲೂ ಫ್ರೆಂಚ್ ಸಿನಿಮಾಕ್ಕೆ, ಸುರಿಯಬೇಕು. ಕೆರೆ ಯಾವುದು, ಗದ್ದೆ ಯಾವುದು ಎಂಬುದು ಇಲ್ಲಿ ತಿಳಿಯಾಗುತ್ತದೆ. ಗದ್ದೆ ತರಂಗ, ಕೆರೆ ಸಿನಿಮಾ.

1984ರ ನವೆಂಬರ್ 4ರಂದು ಬೆಳಿಗ್ಗೆ ಎಂಟು ಗಂಟೆಗೆ ಪ್ರಸಾರ ಮೊದಲಾಯಿತು. ತಿಂಗಳಿಗೆ 120 ಫ್ರಾಂಕು ಚಂದಾ. ಮೊದಲ ದಿನದ ಚಂದಾದಾರರು ಎರಡು ಲಕ್ಷಕ್ಕೂ ಕಡಿಮೆ. ಮನೆಗೊಂದು ಡಿಕೋಡರ್ ಪೆಟ್ಟಿಗೆ. ಅದರಲ್ಲಿ ಚಂದಾದಾರನಿಗೆ ಕೊಟ್ಟ ಗುಟ್ಟಿನ ಅಂಕಿಗಳನ್ನು ಒತ್ತಿದರೆ ಕಲಸಿದ ಚಿತ್ರ ನೆಟ್ಟಗಾಗುತ್ತದೆ. ಬೀಗವಿದ್ದ ಮೇಲೆ ಕಳ್ಳಕೀಲಿ ಬಾರದೆ ಇದ್ದೀತೆ? ತಿಂಗಳು ಕಳೆಯುವಷ್ಟರಲ್ಲಿ ರೇಡಿಯೋ ಪ್ಲಾನ್ಸ್ ಎಂಬ ಪತ್ರಿಕೆ ಅಂಥ ಪೆಟ್ಟಿಗೆಯನ್ನು ಮನೆಯಲ್ಲೇ ಜೋಡಿಸಿಕೊಳ್ಳುವ ನಕ್ಷೆಯನ್ನು ಅಚ್ಚುಹಾಕಿತು. ನ್ಯಾಯಾಲಯ ಆ ಸಂಚಿಕೆಯನ್ನು ಮುಟ್ಟುಗೋಲು ಹಾಕಿಸಿತು. ನಿಷೇಧದ ಸುದ್ದಿಯೇ ಅದಕ್ಕೆ ಜಾಹೀರಾತಾಯಿತು.

ಇದಕ್ಕಿಂತ ದೊಡ್ಡ ಪೆಟ್ಟು ಕೊಟ್ಟವರು ಮಿತ್ತೆರಾಂ ಅವರೇ. 1985ರ ಜನವರಿಯಲ್ಲಿ, ದುಡ್ಡು ಕೊಡದೆ ನೋಡಬಹುದಾದ ಖಾಸಗಿ ವಾಹಿನಿಗಳಿಗೂ ದಾರಿ ಬಿಡುವುದಾಗಿ ಅವರು ಸಾರಿದರು. ಪುಕ್ಕಟೆ ಸಿಕ್ಕುವಾಗ ಕಾಸು ಕೊಡುವವರು ಯಾರು? ವಾಹಿನಿ ಮುಚ್ಚಿಹೋಗುತ್ತದೆ ಎಂದೇ ಹಲವರು ಎಣಿಸಿದರು. ರೂಸ್ಲೆ ಜಗ್ಗಲಿಲ್ಲ. ಅವರ ಜೊತೆಗಾರ ಪಿಯೆರ್ ಲೆಸ್ಕ್ಯೂರ್ ಕಟ್ಟಿದ ತರುಣರ ತಂಡ ಸಿನಿಮಾ, ಕಾಲ್ಚೆಂಡು, ವಿಡಂಬನೆ ಈ ಮೂರರಿಂದ ಜನರನ್ನು ಹಿಡಿದಿಟ್ಟಿತು. ಕೆಲವೇ ವರ್ಷಗಳಲ್ಲಿ ಚಂದಾದಾರರು ಹತ್ತು ಲಕ್ಷವನ್ನು ದಾಟಿದರು. 1987ರಲ್ಲಿ ಷೇರುಗಳು ಪೇಟೆಗೆ ಬಂದವು. ಮಿತ್ತೆರಾಂ ದಾರಿ ಬಿಟ್ಟ ಪುಕ್ಕಟೆ ವಾಹಿನಿಗಳಲ್ಲಿ ಮೊದಲನೆಯದಾದ ಲಾ ಸಾಂಕ್ 1986ರಲ್ಲಿ ಹುಟ್ಟಿ 1992ರಲ್ಲಿ ಬಾಗಿಲು ಹಾಕಿತು. ಕನಾಲ್ ಪ್ಲೂಸ್ ಉಳಿಯಿತು.

ಇಲ್ಲಿಂದ ಮುಂದೆ ಒಡೆತನದ ಕಥೆ. ರಾಷ್ಟ್ರೀಯ ವಾಹಿನಿಯೊಂದರಲ್ಲಿ ಒಬ್ಬನೇ ಪಾಲುದಾರ ನೂರಕ್ಕೆ 25ಕ್ಕಿಂತ ಹೆಚ್ಚು ಹೊಂದುವಂತಿಲ್ಲ ಎಂಬ ಕಟ್ಟು ಕಾನೂನಿನಲ್ಲಿತ್ತು. 1994ರ ಫೆಬ್ರವರಿಯಲ್ಲಿ ಅದನ್ನು 49ಕ್ಕೆ ಏರಿಸಿದರು. ಆ ತಿಂಗಳಲ್ಲೇ, ಆ ವೇಳೆಗೆ ಖಾಸಗಿಯಾಗಿದ್ದ ಅವಾಸ್, ಜೆನೆರಾಲ್ ದೆಜೋ ಎಂಬ ನೀರಿನ ಕಂಪನಿ ಮತ್ತು ಒಂದು ಬ್ಯಾಂಕು ಕೈಕೈ ಹಿಡಿದು ವಾಹಿನಿಯ ಹಿಡಿತವನ್ನು ತಮ್ಮದಾಗಿಸಿಕೊಂಡವು. ಕಟ್ಟಿದ ರೂಸ್ಲೆ ರಾಜೀನಾಮೆಯಿತ್ತು, ಅಂದಿನ ಪ್ರಧಾನಿ ಎಡುವಾರ್ ಬಲಾದ್ಯೂರರೇ ತಮ್ಮನ್ನು ಮುಗಿಸಿದರೆಂದು ಲ ಮೋಂದ್ ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆದು ಹೊರನಡೆದರು. ಒಂದು ಸರಕಾರದ ಒಲವಿನಿಂದ ಬಂದದ್ದು ಇನ್ನೊಂದು ಸರಕಾರದ ಕಾಲದಲ್ಲಿ ಕೈಬಿಟ್ಟುಹೋಯಿತು.

ಆ ನೀರಿನ ಕಂಪನಿಯ ಸಂಗತಿ ಸ್ವಾರಸ್ಯದ್ದು. 1853ರಲ್ಲಿ, ಮೂರನೆಯ ನೆಪೋಲಿಯನ್ ಆಳುತ್ತಿದ್ದಾಗ, ಲಿಯೋಂ ನಗರಕ್ಕೆ ಕುಡಿಯುವ ನೀರು ಒದಗಿಸಲು ಹೊರಟದ್ದು ಅದು. 1998ರಲ್ಲಿ ಅವಾಸನ್ನು ನುಂಗಿ ವಿವೆಂದಿ ಎಂದು ಹೆಸರು ಬದಲಿಸಿಕೊಂಡಿತು. 2000ದಲ್ಲಿ ಅದರ ಯಜಮಾನ ಜಾಂ ಮಾರಿ ಮೆಸ್ಸಿಯೆ ಹಾಲಿವುಡ್ಡಿನ ಯೂನಿವರ್ಸಲ್ ಸಂಸ್ಥೆಯನ್ನೂ ಕನಾಲ್ ಪ್ಲೂಸನ್ನೂ ವಿವೆಂದಿಯ ಜೊತೆಗೆ ಬೆಸೆದರು. 2002ರ ಏಪ್ರಿಲಿನಲ್ಲಿ ಅವರು ಲೆಸ್ಕ್ಯೂರರನ್ನು ತೆಗೆದುಹಾಕಿದಾಗ ನೌಕರರು ಕಾರ್ಯಕ್ರಮವನ್ನು ತಡೆದು ತಮ್ಮ ಪ್ರತಿಭಟನೆಯನ್ನೇ ನೇರವಾಗಿ ಬಿತ್ತರಿಸಿದರು. ಮೂರು ತಿಂಗಳು ತುಂಬುವಷ್ಟರಲ್ಲಿ ಸಾಲದ ಹೊರೆಯಡಿ ಮೆಸ್ಸಿಯೆ ಕೂಡ ಇಳಿಯಬೇಕಾಯಿತು.

ಇಷ್ಟೆಲ್ಲ ನಡೆಯುತ್ತಿದ್ದಾಗಲೂ ಕೆರೆಗೆ ನೀರು ಬೀಳುತ್ತಲೇ ಇತ್ತು ಎಂಬುದನ್ನು ಗಮನಿಸಬೇಕು. ಯಜಮಾನ ಯಾರೇ ಆಗಲಿ, ಫ್ರೆಂಚ್ ಚಿತ್ರಗಳಿಗೆ ಕೊಡಬೇಕಾದ ಪಾಲು ಸಲ್ಲುತ್ತಿತ್ತು. ಹೆಚ್ಚಿನ ನೀರು ಹೊರಗಣ ಹೊಲಗಳಿಗೂ ಹರಿದದ್ದುಂಟು. ಅಮೆರಿಕದ ಟೆಲಿವಿಷನ್ನಿನವರು ಬೇಡವೆಂದ ಡೇವಿಡ್ ಲಿಂಚರ ಕಥೆಯೊಂದು 2001ರಲ್ಲಿ ಮಲ್‌ಹಾಲೆಂಡ್ ಡ್ರೈವ್ ಎಂಬ ಪೂರ್ಣ ಚಿತ್ರವಾದದ್ದು ಕನಾಲ್ ಪ್ಲೂಸಿನ ಅಂಗಸಂಸ್ಥೆಯ ಹಣದಿಂದ. ಮನುಷ್ಯರ ಔದಾರ್ಯ ಮಾಡದ ಕೆಲಸವನ್ನು ಒಂದು ಷರತ್ತು ಮಾಡಬಲ್ಲದು.

2014ರಲ್ಲಿ ವಿವೆಂದಿಯ ಮೇಲ್ವಿಚಾರಣಾ ಮಂಡಲಿಯ ಗದ್ದುಗೆಗೆ ವಿನ್ಸೆಂಟ್ ಬೊಲೊರೆ ಬಂದರು. ಮರುವರ್ಷ ವಿವೆಂದಿ ಮೂಲ ವಾಹಿನಿಯ ಉಳಿದ ಷೇರುಗಳನ್ನೂ ಕೊಳ್ಳಲು ಮುಂದಾಯಿತು. 1988ರಿಂದ ರಾಜಕಾರಣಿಗಳನ್ನು ಗೊಂಬೆಗಳ ಮೂಲಕ ಗೇಲಿಮಾಡುತ್ತ, ಚಂದಾ ಕೊಡದವರಿಗೂ ಕಾಣುತ್ತಿದ್ದ ಕಾರ್ಯಕ್ರಮ ಬೀಗದೊಳಕ್ಕೆ ಸರಿದು 2018ರಲ್ಲಿ ನಿಂತೇಹೋಯಿತು. 2024ರ ಡಿಸೆಂಬರಿನಲ್ಲಿ ಕನಾಲ್ ಪ್ಲೂಸ್ ವಿವೆಂದಿಯಿಂದ ಬೇರೆಯಾಗಿ ಲಂಡನ್ನಿನ ಷೇರುಪೇಟೆ ಸೇರಿತು. ಬೊಲೊರೆ ಮನೆತನದ ಸಂಸ್ಥೆಗೆ ಅದರಲ್ಲಿ ಸುಮಾರು ನೂರಕ್ಕೆ 30ರ ಪಾಲು ಉಳಿಯಿತು.

ಕಡೆಯ ತಿರುವು ಎಲ್ಲಕ್ಕಿಂತ ಅರ್ಥವುಳ್ಳದ್ದು. ಇದೇ ಬಳಗದ ಸಿ8 ಎಂಬ ಪುಕ್ಕಟೆ ವಾಹಿನಿಗೆ ತರಂಗವನ್ನು ಮತ್ತೆ ಕೊಡಲು ಫ್ರಾನ್ಸಿನ ನಿಯಂತ್ರಣ ಸಂಸ್ಥೆಯಾದ ಆರ್ಕೋಂ 2024ರಲ್ಲಿ ಒಪ್ಪಲಿಲ್ಲ; 2025ರ ಫೆಬ್ರವರಿ ಕೊನೆಗೆ ಅದು ನಿಂತಿತು. ಇದರ ಬೆನ್ನಿಗೇ ಕನಾಲ್ ಪ್ಲೂಸ್ ತನ್ನ ಚಂದಾ ವಾಹಿನಿಗಳ ತರಂಗಗಳನ್ನು ತಾನಾಗಿಯೇ ಹಿಂದಕ್ಕೆ ಕೊಡುವುದಾಗಿ ಸಾರಿ, 2025ರ ಜೂನಿನಲ್ಲಿ ಹಾಗೆಯೇ ಮಾಡಿತು. ಈಗ ಅದು ಉಪಗ್ರಹ, ಅಂತರಜಾಲಗಳ ಮೂಲಕ ಮನೆಗಳನ್ನು ಮುಟ್ಟುತ್ತದೆ. ಉಂಬಳಿದಾರ ಉಂಬಳಿಯನ್ನು ಮರಳಿಸಿದ್ದಾನೆ.

ಹಾಗಾದರೆ ಕೆರೆಯ ಗತಿ? ಕಾನೂನಿನ ಕೆಲವು ಕಟ್ಟಳೆಗಳು ಉಳಿದೇ ಇವೆ. ಆದರೆ ಎಷ್ಟು ಹಣ ಎಂಬುದು ಬಹುಮಟ್ಟಿಗೆ ಚೌಕಾಸಿಯ ಮಾತಾಗಿದೆ. 2025ರ ಮಾರ್ಚಿನಲ್ಲಿ ಚಿತ್ರೋದ್ಯಮದವರೊಡನೆ ಆದ ಒಪ್ಪಂದದಂತೆ ವಾಹಿನಿ 2027ರವರೆಗೆ ಮೂರು ವರ್ಷಗಳಲ್ಲಿ 48 ಕೋಟಿ ಯೂರೋ ಕೊಡಬೇಕು. ವರ್ಷದ ಲೆಕ್ಕದಲ್ಲಿ ಹಿಂದಿನದಕ್ಕಿಂತ ಇದು ಕಡಿಮೆ. ಆಮೇಲೆ ಮತ್ತೆ ಮಾತುಕತೆ.

ಆಕಾಶತರಂಗಗಳು ಸಾರ್ವಜನಿಕ ಸ್ವತ್ತು ಎಂದು ನಮ್ಮ ಸುಪ್ರೀಂ ಕೋರ್ಟು 1995ರಲ್ಲಿ ಹೇಳಿದ್ದು ಓದುಗರಿಗೆ ನೆನಪಿರಬಹುದು. ಸ್ವತ್ತು ನಮ್ಮದಾಗಿದ್ದಾಗ ಅದನ್ನು ಬಳಸುವವನಿಗೆ ಷರತ್ತು ಹಾಕುವ ಬಾಯಿ ನಮಗಿರುತ್ತದೆ. ಅವನಿಗೆ ಆ ಸ್ವತ್ತೇ ಬೇಡವಾದ ದಿನ ನಮ್ಮ ಮಾತಿಗೆ ಬಲವೆಲ್ಲಿಂದ ಬರಬೇಕು? ಕೆರೆಯ ದತ್ತಿಯನ್ನು ಕಲ್ಲಿನಲ್ಲಿ ಕೊರೆಸಿ, ಅಳುಪಿದವನಿಗೆ ಶಾಪವನ್ನೂ ಬರೆಸಿದ ನಮ್ಮ ಹಿರಿಯರು ಗದ್ದೆಯನ್ನು ಕಿತ್ತುಕೊಳ್ಳುವವನಿಗೆ ಹೆದರಿದ್ದರು. ಗದ್ದೆಯನ್ನು ಬೇಡವೆಂದು ಬಿಟ್ಟುಹೋಗುವವನು ಅವರ ಎಣಿಕೆಯಲ್ಲಿ ಇರಲಿಲ್ಲ. ಏರಿಯ ಮಣ್ಣು ಜಾರುವ ಮುನ್ನ ಅವನಿಗೂ ಒಂದು ಶಾಸನ ಬರೆಯುವುದು ನಮ್ಮ ಕಾಲದ ಕೆಲಸ.