ಮಗುವಿನ ಹೆಗಲಿಗೆ ಎಂಥ ರೈಫಲ್? ಜಿಂಕೆ ಬೇಟೆ, ಒದೆತದ ಲೆಕ್ಕ ಮತ್ತು ಬೀಗದ ಕೈ

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ನವೆಂಬರ್ 15 ಒಂಥರಾ ಹಬ್ಬ. ಬಂದೂಕು ಹಿಡಿದು ಜಿಂಕೆ ಬೇಟೆಗೆ ಹೋಗುವ ಸೀಸನ್ ಶುರುವಾಗೋದು ಅವತ್ತೇ. ಹಳ್ಳಿ ಕಡೆಯ ಅನೇಕ ಶಾಲೆಗಳಿಗೆ ರಜೆ. ಅದಕ್ಕೂ ಕೆಲವು ವಾರ ಮೊದಲೇ, 10–12 ವರ್ಷದ ಮಕ್ಕಳಿರುವ ಅಪ್ಪ-ಅಮ್ಮಂದಿರು ಕೇಳೋ ಪ್ರಶ್ನೆ ಒಂದೇ: ಮಗುವಿಗೆ ಜೋರಾಗಿ ಒದೆಯದ, ಆದರೆ ಜಿಂಕೆಗೆ ಸಾಕಾಗುವ ರೈಫಲ್ ಯಾವುದು?

ಕರ್ನಾಟಕದಲ್ಲಿ ಕೂತು ಓದುವವರಿಗೆ ಈ ಪ್ರಶ್ನೆಯೇ ಗಾಬರಿ ಹುಟ್ಟಿಸಬಹುದು. ಅಮೆರಿಕ, ಮಗು, ಬಂದೂಕು ಎಂಬ ಮೂರು ಪದ ಒಟ್ಟಿಗೆ ಬಂದರೆ ನಮಗೆ ನೆನಪಾಗೋದು ಶಾಲೆಗಳ ಮೇಲಿನ ದಾಳಿ. ಆ ಗಾಬರಿ ತಪ್ಪಲ್ಲ. ಆದರೆ ಬಂದೂಕು ನಿಯಂತ್ರಣದ ಬಗ್ಗೆ ವಾದ ಮಾಡುವವರು ಬಂದೂಕು ಹೇಗೆ ಕೆಲಸ ಮಾಡುತ್ತೆ, ಅದು ಒಂದು ಮನೆಗೆ ಯಾಕೆ ಬರುತ್ತೆ ಅನ್ನೋದನ್ನೂ ತಿಳಿದಿದ್ದರೆ ಒಳ್ಳೆಯದು. ನಾನು ಬೇಟೆಗಾರನಲ್ಲ. ಮಿಷಿಗನ್‌ನಲ್ಲಿ ಕೆಲಸಕ್ಕಿದ್ದಾಗ ಅಲ್ಲಿನ ಬೇಟೆ ಸುರಕ್ಷತಾ ತರಬೇತಿ ಮುಗಿಸಿದ್ದೇನೆ. ಸಹೋದ್ಯೋಗಿಗಳ ಮಕ್ಕಳು ಶೂಟಿಂಗ್ ರೇಂಜ್‌ನಲ್ಲಿ ಕಲಿಯೋದನ್ನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಅಲ್ಲಿ ಕಲಿತದ್ದು ಇಲ್ಲಿದೆ.

ಬೇಟೆ ಯಾಕೆ, ಅದರಲ್ಲೂ ಮಕ್ಕಳು ಯಾಕೆ

ಅಮೆರಿಕದ ಬಿಳಿಬಾಲದ ಜಿಂಕೆಗಳ ಸಂಖ್ಯೆ ಸುಮಾರು 3 ಕೋಟಿ ಎಂಬುದು ಸಾಮಾನ್ಯ ಅಂದಾಜು. ಅವನ್ನು ತಿಂದು ಬದುಕುತ್ತಿದ್ದ ತೋಳಗಳು ಹೆಚ್ಚಿನ ಪ್ರದೇಶಗಳಲ್ಲಿ ಈಗಿಲ್ಲ. ಮಿಷಿಗನ್ ಒಂದರಲ್ಲೇ ವರ್ಷಕ್ಕೆ 50 ಸಾವಿರಕ್ಕೂ ಹೆಚ್ಚು ವಾಹನಗಳು ಜಿಂಕೆಗೆ ಡಿಕ್ಕಿ ಹೊಡೆಯುತ್ತವೆ. ಹೊಲ, ತೋಟ, ಕಾಡಿನ ಎಳೆ ಗಿಡ ಎಲ್ಲಕ್ಕೂ ಹಾನಿ. ಹಾಗಾಗಿ ಸರ್ಕಾರವೇ ಲೈಸನ್ಸ್ ಕೊಟ್ಟು ಬೇಟೆಯಾಡಿಸುತ್ತೆ.

ಇದರ ಹಿಂದೆ ದುಡ್ಡಿನ ಲೆಕ್ಕವೂ ಇದೆ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ರೈಫಲ್ ಮತ್ತು ತೋಟಾಗಳ ಮೇಲಿನ 11% ತೆರಿಗೆ ರಾಜ್ಯಗಳ ವನ್ಯಜೀವಿ ಇಲಾಖೆಗಳಿಗೆ ಹೋಗುತ್ತೆ. ಬೇಟೆಗಾರರ ಲೈಸನ್ಸ್ ಶುಲ್ಕವೂ ಅಲ್ಲಿಗೇ. ಹಳೆಯ ತಲೆಮಾರು ಬೇಟೆ ಬಿಡುತ್ತಿದ್ದಂತೆ ಇಲಾಖೆಗಳ ಆದಾಯಕ್ಕೂ ಕುತ್ತು. ಮಕ್ಕಳನ್ನು ಸೆಳೆಯುವ ಯೋಜನೆಗಳಿಗೆ ಇದೂ ಒಂದು ಕಾರಣ. ಮಿಷಿಗನ್‌ನಲ್ಲಿ 10 ವರ್ಷದೊಳಗಿನ ಮಗು ಕೂಡ, 21 ದಾಟಿದ ಮಾರ್ಗದರ್ಶಕರ ಜೊತೆಗಿದ್ದರೆ ಬೇಟೆಯಾಡಬಹುದು.

ಒದೆತ ಅಂದ್ರೆ ಏನು

ಗುಂಡು ಮುಂದಕ್ಕೆ ಹೋದಷ್ಟೇ ತಳ್ಳು ಬಂದೂಕನ್ನು ಹಿಂದಕ್ಕೆ ನೂಕುತ್ತೆ. ನ್ಯೂಟನ್‌ನ ಮೂರನೇ ನಿಯಮ, ಅಷ್ಟೇ. ಗುಂಡಿನ ತೂಕ, ಅದರ ವೇಗ, ಮದ್ದಿನ ಪ್ರಮಾಣ ಹೆಚ್ಚಾದಷ್ಟೂ ಒದೆತ ಹೆಚ್ಚು. ರೈಫಲ್ ಭಾರವಾದಷ್ಟೂ ಒದೆತ ಕಡಿಮೆ.

ಒಂದು ಅಂದಾಜು ಕೊಡ್ತೀನಿ. ಸೈನ್ಯದಿಂದ ಬೇಟೆಗೆ ಬಂದ, 1906ರ .30-06 ತೋಟಾವನ್ನು ಸಾಮಾನ್ಯ ತೂಕದ ರೈಫಲ್‌ನಲ್ಲಿ ಹಾರಿಸಿದರೆ ಒದೆತದ ಶಕ್ತಿ ಸುಮಾರು 27 ಜೂಲ್. 1955ರ .243 ವಿಂಚೆಸ್ಟರ್‌ನಲ್ಲಿ ಸುಮಾರು 12 ಜೂಲ್. 12 ಜೂಲ್ ಅಂದ್ರೆ 1 ಕೆ.ಜಿ. ತೂಕ 1.2 ಮೀಟರ್ ಎತ್ತರದಿಂದ ಬಿದ್ದಷ್ಟು. 27 ಅಂದ್ರೆ ಅದೇ ತೂಕ ಮನೆಯ ಛಾವಣಿಯಿಂದ ಬಿದ್ದಷ್ಟು.

35 ಕೆ.ಜಿ. ತೂಗುವ ಮಗುವಿಗೆ ಈ ವ್ಯತ್ಯಾಸ ದೊಡ್ಡದು. ನೋವಿಗಿಂತ ದೊಡ್ಡ ಸಮಸ್ಯೆ ಭಯ. ಒಮ್ಮೆ ಜೋರಾಗಿ ಒದೆಸಿಕೊಂಡ ಮಗು ಮುಂದಿನ ಸಲ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತೆ, ಹೆಗಲು ಸೆಟೆಸುತ್ತೆ, ನಳಿಗೆ ಅಲುಗಾಡುತ್ತೆ. ಗುಂಡು ಎದೆಗೆ ಬೀಳುವ ಬದಲು ಹೊಟ್ಟೆಗೋ ಕಾಲಿಗೋ ಬೀಳುತ್ತೆ. ಆ ಜಿಂಕೆ ತಕ್ಷಣ ಸಾಯಲ್ಲ. ಗಂಟೆಗಟ್ಟಲೆ ನರಳಿ ಎಲ್ಲೋ ಪೊದೆಯಲ್ಲಿ ಸಾಯುತ್ತೆ. "ದೊಡ್ಡ ಗನ್ ಹಿಡಿದರೆ ಹುಡುಗ ಗಟ್ಟಿಯಾಗ್ತಾನೆ" ಎಂಬ ಗಂಡಸ್ತನದ ಮಾತಿಗೆ ಬೆಲೆ ತೆರೋದು ಮಗು ಮತ್ತು ಪ್ರಾಣಿ. ಸರಿಯಾದ ಜಾಗಕ್ಕೆ ಬಿದ್ದ ಚಿಕ್ಕ ಗುಂಡು, ತಪ್ಪು ಜಾಗಕ್ಕೆ ಬಿದ್ದ ದೊಡ್ಡ ಗುಂಡಿಗಿಂತ ಎಷ್ಟೋ ಮೇಲು.

ಯಾವ ತೋಟಾ

ಹೆಚ್ಚಿನವರು ಮೊದಲು ಹೇಳೋ ಹೆಸರು .243 ವಿಂಚೆಸ್ಟರ್. ಒದೆತ ಕಡಿಮೆ, ತೋಟಾ ಎಲ್ಲ ಕಡೆ ಸಿಗುತ್ತೆ. ಆದರೆ ಒಂದು ಎಚ್ಚರ: ಇದೇ ತೋಟಾದಲ್ಲಿ ಚಿಕ್ಕ ಪ್ರಾಣಿಗಳಿಗೆಂದು ಮಾಡಿದ, ತಾಕಿದ ಕೂಡಲೇ ಒಡೆದುಹೋಗುವ ಹಗುರ ಗುಂಡುಗಳೂ ಸಿಗುತ್ತವೆ. ಜಿಂಕೆಗೆ ಅವು ಬೇಡ. ಒಳಹೊಕ್ಕು ಅರಳುವಂತೆ ಮಾಡಿದ, 95–100 ಗ್ರೇನ್ ತೂಕದ ಗುಂಡು ಬೇಕು.

2007ರ 6.5 ಕ್ರೀಡ್‌ಮೂರ್ ಮತ್ತು 1980ರ 7 ಎಂಎಂ-08 ರೆಮಿಂಗ್ಟನ್ ಒಂದು ಮೆಟ್ಟಿಲು ಮೇಲೆ. ಒದೆತ 16–17 ಜೂಲ್ ಆಸುಪಾಸು. ಸ್ವಲ್ಪ ಬೆಳೆದ ಮಗುವಿಗೆ ಸರಿ. ಮುಂದೆ ದೊಡ್ಡವರಾದಾಗಲೂ ಅದೇ ರೈಫಲ್ ಸಾಕು. ಒಹಾಯೊದಂಥ ಕೆಲವು ರಾಜ್ಯಗಳಲ್ಲಿ ಜಿಂಕೆಗೆ ನೇರ ಗೋಡೆಯ ತೋಟಾದ ರೈಫಲ್‌ಗಳಿಗೆ ಮಾತ್ರ ಅವಕಾಶ. ಅಲ್ಲಿ 2019ರಲ್ಲಿ ಬಂದ .350 ಲೆಜೆಂಡ್ ಮಕ್ಕಳಿಗೆ ಹೊಂದುತ್ತೆ, ಆದರೆ ಹತ್ತಿರದ ಗುರಿಗೆ ಮಾತ್ರ.

.223 ಇನ್ನೂ ಮೃದು. ಆದರೆ ಎಲ್ಲ ಕಡೆ ಜಿಂಕೆಗೆ ಕಾನೂನುಬದ್ಧವಲ್ಲ. ವರ್ಜೀನಿಯಾದಲ್ಲಿ ಕನಿಷ್ಠ .23, ಕೊಲರಾಡೊದಲ್ಲಿ ಕನಿಷ್ಠ .24 ಕ್ಯಾಲಿಬರ್ ಇರಲೇಬೇಕು. ಕೊಳ್ಳುವ ಮೊದಲು ಆ ರಾಜ್ಯದ ಆ ವರ್ಷದ ನಿಯಮ ಓದಬೇಕು.

ಮನೆಯಲ್ಲಿ ಆಗಲೇ .308 ಅಥವಾ .30-06 ಇದ್ದರೆ ಹೊಸದು ಕೊಳ್ಳಲೇಬೇಕು ಅಂತೇನಿಲ್ಲ. ಮದ್ದು ಕಡಿಮೆ ಮಾಡಿ, ಹಗುರ ಗುಂಡು ಹಾಕಿದ ಕಡಿಮೆ ಒದೆತದ ತೋಟಾಗಳನ್ನು ಕಂಪನಿಗಳೇ ಮಾರುತ್ತವೆ. ಹಾರ್ನಡಿಯ ಕಸ್ಟಮ್ ಲೈಟ್ ಅಂಥದ್ದು. ದೂರದ ಗುರಿಗೆ ಆಗಲ್ಲ, ಆದರೆ ಮಗು ದೂರದ ಗುರಿಗೆ ಹೊಡೆಯಲೂಬಾರದು.

ಅಳತೆ ಮುಖ್ಯ, ತೂಕ ಮೋಸ ಮಾಡುತ್ತೆ

ಟ್ರಿಗರ್‌ನಿಂದ ಹೆಗಲಿಗೆ ಒರಗುವ ಬುಡದವರೆಗಿನ ಉದ್ದ ದೊಡ್ಡವರ ರೈಫಲ್‌ನಲ್ಲಿ ಸುಮಾರು 13.5 ಇಂಚು. ಮಕ್ಕಳಿಗೆ 12–12.5 ಇಂಚು ಬೇಕಾಗುತ್ತೆ. ಉದ್ದ ಜಾಸ್ತಿಯಾದರೆ ಮಗು ಹಿಂದಕ್ಕೆ ಬಾಗಿ ನಿಲ್ಲುತ್ತೆ, ಬುಡ ಹೆಗಲಿನಿಂದ ಜಾರಿ ತೋಳಿಗೆ ಬರುತ್ತೆ. ಆಗ ಚಿಕ್ಕ ಒದೆತವೂ ನೋಯಿಸುತ್ತೆ. ರೂಗರ್, ಸ್ಯಾವೇಜ್, ಮಾಸ್‌ಬರ್ಗ್ ಕಂಪನಿಗಳ ಗಿಡ್ಡ ಮಾದರಿಗಳು ಈ ಕಾರಣಕ್ಕೇ ಇರೋದು. ಮಗು ಬೆಳೆದಂತೆ ಬುಡಕ್ಕೆ ತುಂಡು ಸೇರಿಸಿ ಉದ್ದ ಮಾಡುವ ಮಾದರಿ ಸಿಕ್ಕರೆ ದುಡ್ಡು ಉಳಿಯುತ್ತೆ.

ಇಲ್ಲೊಂದು ಬಲೆ ಇದೆ. "ಮಕ್ಕಳ ಗನ್ ಹಗುರ ಇರಬೇಕು" ಅನ್ನೋದು ಸಹಜ ಯೋಚನೆ. ಆದರೆ ಅದೇ ತೋಟಾ ಹಾಕಿ ರೈಫಲ್ ತೂಕವನ್ನು 3.6 ಕೆ.ಜಿ.ಯಿಂದ 2.7ಕ್ಕೆ ಇಳಿಸಿದರೆ ಒದೆತದ ಶಕ್ತಿ ಮೂರನೇ ಒಂದು ಪಾಲು ಏರುತ್ತೆ. ಮಗು ಕೂತು, ಕೋಲಿನ ಆಸರೆ ಕೊಟ್ಟು ಹೊಡೆಯೋದರಿಂದ ಸ್ವಲ್ಪ ಭಾರ ಇದ್ದರೆ ಒಳ್ಳೆಯದೇ; ದಾರಿಯಲ್ಲಿ ದೊಡ್ಡವರು ಹೊರಬಹುದು. ಬುಡಕ್ಕೆ ಒಳ್ಳೆಯ ರಬ್ಬರ್ ಪ್ಯಾಡ್ ಇರಲಿ. ದೂರದರ್ಶಕ ಕಣ್ಣಿನಿಂದ ಮೂರೂವರೆ–ನಾಲ್ಕು ಇಂಚು ದೂರ ಇರಲಿ, ಇಲ್ಲದಿದ್ದರೆ ಒದೆದಾಗ ಹುಬ್ಬು ಸೀಳುತ್ತೆ. ಬಲಗೈ ಮಗುವಿಗೆ ಎಡಗಣ್ಣು ಪ್ರಬಲವಾಗಿರಬಹುದು, ಮೊದಲೇ ಪರೀಕ್ಷಿಸಿ.

ಸದ್ದೂ ಒಂದು ಒದೆತ

ರೈಫಲ್ ಸದ್ದು 150 ಡೆಸಿಬೆಲ್ ದಾಟುತ್ತೆ. 140ರ ಮೇಲೆ ಒಂದೇ ಸದ್ದಿಗೂ ಕಿವಿ ಕೆಡಬಹುದು. ಮಕ್ಕಳು ಬೆಚ್ಚೋದು ಎಷ್ಟೋ ಸಲ ಹೆಗಲಿನ ಏಟಿಗಲ್ಲ, ಈ ಸದ್ದಿಗೆ. ನಳಿಗೆ ತುದಿಯ ಮಜಲ್ ಬ್ರೇಕ್ ಒದೆತ ತಗ್ಗಿಸುತ್ತೆ, ಸದ್ದು ಹೆಚ್ಚಿಸುತ್ತೆ. ಮಗುವಿಗೆ ಅದು ಲಾಭವಲ್ಲ. ಸಪ್ರೆಸರ್ ಎರಡನ್ನೂ ತಗ್ಗಿಸುತ್ತೆ. 1934ರಿಂದ ಅದರ ಮೇಲಿದ್ದ 200 ಡಾಲರ್ ಫೆಡರಲ್ ತೆರಿಗೆ 2026ರ ಜನವರಿಯಿಂದ ಶೂನ್ಯ. ಕಿವಿಗೆ ಒಳ್ಳೆಯದು ಅನ್ನೋರೂ, ದಾಳಿಕೋರನಿಗೂ ಸುಲಭ ಅನ್ನೋರೂ ಅಲ್ಲಿ ಜಗಳವಾಡ್ತಿದ್ದಾರೆ. ಏನೇ ಇರಲಿ, ಕಿವಿಗೆ ಎರಡು ಪದರ ರಕ್ಷಣೆ ಬಿಡಬಾರದು.

ಕಲಿಕೆ ಶುರುವಾಗಬೇಕಾದ್ದು ಒದೆಯದ .22ರಿಂದ. ದೊಡ್ಡ ರೈಫಲ್ ದಿನಕ್ಕೆ ಐದಾರು ಗುಂಡು ಸಾಕು. ಬೇಟೆಯಲ್ಲಿ ಕೂರುವ ಭಂಗಿಯಲ್ಲೇ ಕೂತು, ಹೊಡೆದ ಎಲ್ಲ ಗುಂಡನ್ನೂ 15 ಸೆಂ.ಮೀ. ಅಗಲದ ತಟ್ಟೆಗೆ ಎಷ್ಟು ದೂರದಿಂದ ಹಾಕಬಲ್ಲದೋ ಅದೇ ಆ ಮಗುವಿನ ಮಿತಿ. ಅದು 50 ಮೀಟರ್ ಆದರೆ 50 ಮೀಟರ್.

ಆ ಮಾಂಸ ಮನೆಯ ತಟ್ಟೆಗೆ ಬರುತ್ತೆ. ಸೀಸದ ಗುಂಡು ಒಡೆದು ಚೂರುಗಳು ಮಾಂಸದಲ್ಲಿ ಹರಡುತ್ತವೆ. ಮಕ್ಕಳ ರಕ್ತದಲ್ಲಿ ಸೀಸಕ್ಕೆ ಸುರಕ್ಷಿತ ಮಟ್ಟ ಅಂತಿಲ್ಲ. ಕ್ಯಾಲಿಫೋರ್ನಿಯಾ 2019ರ ಜುಲೈನಿಂದ ಬೇಟೆಯಲ್ಲಿ ಸೀಸವನ್ನೇ ನಿಷೇಧಿಸಿದೆ. .243ಗೂ ತಾಮ್ರದ ಗುಂಡು ಸಿಗುತ್ತೆ.

ಸುಲಭವಾದಷ್ಟೂ ಅಪಾಯ

ಈಗ ರಾಜಕೀಯಕ್ಕೆ ಬರೋಣ. ಮಗುವಿನ ಕೈಗೆ ಹೊಂದುವ, ಒದೆಯದ ಬಂದೂಕು ಅಂದ್ರೆ ಮಗು ಒಬ್ಬಂಟಿಯಾಗಿ ಎತ್ತಿಕೊಂಡು ಸುಲಭವಾಗಿ ಹಾರಿಸಬಲ್ಲ ಬಂದೂಕು ಕೂಡ. ಈ ಎರಡು ಮಾತನ್ನು ಬೇರೆ ಮಾಡಲಾಗಲ್ಲ. 2020ರಿಂದ ಅಮೆರಿಕದ ಮಕ್ಕಳು, ಹದಿಹರೆಯದವರ ಸಾವಿಗೆ ಬಂದೂಕೇ ಮೊದಲ ಕಾರಣ.

2022ರಲ್ಲಿ ಒಂದು ಕಂಪನಿ ಜೆಆರ್-15 ಎಂಬ, ಎಆರ್-15ರ ಪುಟ್ಟ ರೂಪದ, ಒಂದು ಕೆ.ಜಿ. ಆಸುಪಾಸಿನ .22 ರೈಫಲ್ ತಂದಿತು. ಬಾಯಲ್ಲಿ ನಿಪ್ಪಲ್ ಇಟ್ಟ ತಲೆಬುರುಡೆ ಅದರ ಲೋಗೊ. ಜಿಂಕೆಗೆ ಆಗದ, ಮಗುವಿನ ಆಸೆಗಷ್ಟೇ ಆಗುವ ಬಂದೂಕು. ಅದೇ ವರ್ಷ ಕ್ಯಾಲಿಫೋರ್ನಿಯಾ ಮಕ್ಕಳನ್ನು ಸೆಳೆಯುವ ಬಂದೂಕು ಜಾಹೀರಾತು ನಿಷೇಧಿಸಿತು. ಅದು ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧವಿರುವ ಸಂಭವ ಹೆಚ್ಚು ಎಂದು 2023ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಹೇಳಿತು. ಜಿಂಕೆ ಬೇಟೆಗೆ ಅಳತೆ ಮಾಡಿದ ರೈಫಲ್‌ಗೂ ಈ ಆಟಿಕೆ ವ್ಯಾಪಾರಕ್ಕೂ ಇರುವ ವ್ಯತ್ಯಾಸವನ್ನು ಎರಡೂ ಕಡೆಯವರು ಮರೆಮಾಚುತ್ತಾರೆ ಅನ್ನೋದು ನನ್ನ ದೂರು.

ಮಿಷಿಗನ್‌ನ ಆಕ್ಸ್‌ಫರ್ಡ್ ಹೈಸ್ಕೂಲಿನಲ್ಲಿ 2021ರ ನವೆಂಬರ್ 30ರಂದು 15 ವರ್ಷದ ಹುಡುಗ ನಾಲ್ವರು ವಿದ್ಯಾರ್ಥಿಗಳನ್ನು ಕೊಂದ. ಅವನಿಗೆ ಪಿಸ್ತೂಲು ಸಿಗುವಂತೆ ಬಿಟ್ಟ ತಂದೆ-ತಾಯಿ ಇಬ್ಬರಿಗೂ 2024ರಲ್ಲಿ 10ರಿಂದ 15 ವರ್ಷ ಶಿಕ್ಷೆಯಾಯಿತು. ಅದೇ ವರ್ಷದ ಫೆಬ್ರವರಿ 13ರಿಂದ ಆ ರಾಜ್ಯದಲ್ಲಿ ಅಪ್ರಾಪ್ತರಿರುವ ಮನೆಯ ಬಂದೂಕಿಗೆ ಬೀಗ ಕಡ್ಡಾಯ. ದೊಡ್ಡವರ ಕಣ್ಣಳತೆಯಲ್ಲಿ ಬೇಟೆ, ಅಭ್ಯಾಸಕ್ಕೆ ಅಡ್ಡಿಯಿಲ್ಲ. ಬೇಟೆ ನಿಲ್ಲಿಸದೆಯೂ ಕಾನೂನು ಮಾಡಬಹುದು ಎಂಬುದಕ್ಕೆ ಇದೇ ಸಾಕ್ಷಿ.

ನಮಗೂ ಇದು ಪೂರ್ತಿ ದೂರದ ಮಾತಲ್ಲ. ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆ ಜಿಂಕೆ ಬೇಟೆಗೆ ತೆರೆ ಎಳೆದಿದೆ. ಬಂದೂಕು ಹೊಂದಲು 21 ತುಂಬಿರಬೇಕು. ಆದರೆ ಕೊಡಗಿನಲ್ಲಿ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಲೈಸನ್ಸ್ ವಿನಾಯಿತಿ ಇದೆ. ಕೇಂದ್ರ ಅದನ್ನು 2029ರವರೆಗೆ ವಿಸ್ತರಿಸಿದೆ, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿದಿದೆ. ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ ಪೂಜೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಎಲ್ಲ ನಡೆಯುತ್ತೆ. ವಿನಾಯಿತಿ ಬೇಕೋ ಬೇಡವೋ ಎಂದು ಗಂಟೆಗಟ್ಟಲೆ ಚರ್ಚಿಸುವ ನಾವು, ಕೋವಿ ಮನೆಯಲ್ಲಿ ಎಲ್ಲಿರುತ್ತೆ, ಬೀಗ ಯಾರ ಹತ್ತಿರ ಅಂತ ಕೇಳೋದು ಕಡಿಮೆ.

ಒಟ್ಟಾರೆ ಕ್ರಮ ಇದು: ಮೊದಲು ರಾಜ್ಯದ ಕಾನೂನು, ಆಮೇಲೆ ಮಗುವಿನ ಅಳತೆ, ಆಮೇಲೆ ತೋಟಾ, ಆಮೇಲೆ ಬ್ರ್ಯಾಂಡ್. ಇವಕ್ಕೆಲ್ಲ ಒಳ್ಳೆಯ ಅಂಗಡಿಯವರು ಉತ್ತರ ಕೊಡಬಲ್ಲರು. ಬೀಗದ ಕೈ ಯಾರ ಜೇಬಲ್ಲಿ ಅನ್ನೋದಕ್ಕೆ ಮಾತ್ರ ಮನೆಯವರೇ ಉತ್ತರಿಸಬೇಕು. ಆ ಉತ್ತರ ಸಿದ್ಧವಾಗುವವರೆಗೂ ರೈಫಲ್ ಕೊಳ್ಳಬೇಡಿ ಅಂತಲೇ ನಾನು ಹೇಳೋದು.