ನೆಲಕ್ಕಿಳಿದ ಹಿಮ್ಮಡಿ

ಹೈ ಹೀಲ್ಸ್ ಮೊದಲಿನಿಂದಲೂ ಹೆಣ್ಣಿನ ಅಲಂಕಾರವಾಗಿರಲಿಲ್ಲ. ಪರ್ಷಿಯಾದ ಕುದುರೆ ಸವಾರರಿಗೆ ಅದು ರಿಕಾಪಿನಲ್ಲಿ ಕಾಲೂರಲು ಬೇಕಾದ ಸಾಧನ. 17ನೇ ಶತಮಾನದಲ್ಲಿ ಯುರೋಪಿನ ಗಂಡಸರು ಅದನ್ನು ಅಂತಸ್ತಿಗಾಗಿ ತೊಟ್ಟರು. ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಯ ಆಸ್ಥಾನದಲ್ಲಿ ಕೆಂಪು ಹಿಮ್ಮಡಿ ಕುಲೀನರ ಗುರುತಾಗಿತ್ತು. ಮುಂದಿನ ಶತಮಾನದಲ್ಲಿ ಗಂಡಸರು ಅದನ್ನು ಬಿಟ್ಟುಕೊಟ್ಟರು, ಹೆಂಗಸರಿಗೆ ಉಳಿಯಿತು. 1950ರ ದಶಕದಲ್ಲಿ ಒಳಗೆ ಉಕ್ಕಿನ ಆಧಾರ ಪಡೆದ ಸ್ಟಿಲೆಟೊ ಬಂದ ಮೇಲಂತೂ ಹಿಮ್ಮಡಿ ಸೂಜಿಯಷ್ಟು ಸಪೂರವಾಯಿತು. ನಡೆಯಲು ತೊಡಕಾಗುವ ಪಾದರಕ್ಷೆ ದಿನಬಳಕೆಯಲ್ಲಿ ಉಳಿಯುವುದು ಅದರ ಬೆನ್ನಿಗೆ ಅಂತಸ್ತೋ ಅಪ್ಪಣೆಯೋ ಇರುವತನಕ ಮಾತ್ರ ಎಂಬುದು ನನ್ನ ವಾದ.

ಕೊರೋನಾ ಜನರನ್ನು ಮನೆಯಲ್ಲಿ ಕೂರಿಸಿದ್ದೇ ಹೀಲ್ಸ್ ಬಳಕೆಯ ಇಳಿಕೆಗೆ ಕಾರಣ ಎನ್ನುವವರಿದ್ದಾರೆ. ಅದು ಇಳಿಕೆಯ ವೇಗ ಹೆಚ್ಚಿಸಿರಬಹುದು. ಆದರೆ ಅಪ್ಪಣೆ ಅದಕ್ಕೂ ಮೊದಲೇ ಅಲುಗಾಡಿತ್ತು. ಕಚೇರಿಗಳು ಹೀಲ್ಸ್ ಕಡ್ಡಾಯ ಮಾಡಬಾರದೆಂದು 2016ರಲ್ಲಿ ಬ್ರಿಟನ್ನಿನ ಸಂಸತ್ತಿಗೆ ಸಲ್ಲಿಸಿದ ಮನವಿಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ 2017ರಲ್ಲಿ ಇಂಥ ಕಡ್ಡಾಯವನ್ನೇ ನಿಷೇಧಿಸಿತು. ಹಬ್ಬ, ಔತಣಗಳಿಗೆ ಇಷ್ಟಪಟ್ಟು ತೊಡುವವರು ಇಂದಿಗೂ ಇದ್ದಾರಲ್ಲ ಎಂದರೆ, ನಿಜ, ಅವರ ಆಯ್ಕೆಯನ್ನು ಯಾರೂ ಕಸಿಯಬೇಕಿಲ್ಲ. ದಿನವಿಡೀ ನಿಂತು ದುಡಿಯುವವಳ ಮಾತೇ ಬೇರೆ. ಜಪಾನಿನಲ್ಲಿ 2019ರಲ್ಲಿ ಹೆಂಗಸರು ಈ ಕಡ್ಡಾಯದ ವಿರುದ್ಧ ದನಿಯೆತ್ತಿದರು. 2020ರ ಏಪ್ರಿಲ್‌ನಿಂದ ಜಪಾನ್ ಏರ್‌ಲೈನ್ಸ್ ತನ್ನ ಗಗನಸಖಿಯರ ಮೇಲಿದ್ದ ಹೀಲ್ಸ್ ನಿಯಮವನ್ನು ಕೈಬಿಟ್ಟಿತು.